ಏಣಿಯ ಮೇಲಿನ ಕ್ಷಮೆ

ನನ್ನ ಮಾತಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಆ ಬೆಳಿಗ್ಗೆ ಕೆಲಸ ಕೆಟ್ಟದ್ದು ಅದರಿಂದಲೇ.

ನಾನು ಡಬ್ಬಿಂಗ್ ಕಲಾವಿದ. ಬೇರೆ ಭಾಷೆಯ ಚಿತ್ರಗಳಲ್ಲಿ ತುಟಿ ಆಡಿಸುವವರಿಗೆ ದನಿ ಕೊಡುವುದು ನನ್ನ ಮೂವತ್ತು ವರ್ಷದ ಕಸುಬು. ಅಂದು ಸ್ಟುಡಿಯೋದ ಒಳಕೋಣೆಯಲ್ಲಿ ನಿಂತಿದ್ದೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ನಡುವೆ ಮೈಕು, ಮಾತಿನ ಹಾಳೆ ಇಡಲು ಒಂದು ಸ್ಟ್ಯಾಂಡು, ಎದುರಿಗೆ ಪರದೆ. ಪರದೆಯ ಮೇಲೆ ನಮ್ಮಪ್ಪ ಹುಟ್ಟುವ ಕಾಲದ ಕಪ್ಪು ಬಿಳುಪು ಪಿಕ್ಚರು. ಅದರ ನಾಯಕ ಸೇತುವೆ ಅಳೆಯುವ ಸರ್ವೇಯರು. ಮೈಯೆಲ್ಲ ಕೆಸರು, ಕಂಕುಳಲ್ಲಿ ಒಂದು ಹೆಬ್ಬಾತು. ಏಣಿ ಹತ್ತಿ ನಾಯಕಿಯ ಕಿಟಕಿಯ ಹೊರಗೆ ನಿಂತು ಕ್ಷಮೆ ಕೇಳಲು ನೋಡುತ್ತಿದ್ದಾನೆ. ನಾಯಕಿ ಟೋಪಿ ಕಾರ್ಖಾನೆಯ ಮಾಲೀಕನ ಮಗಳು. ಅವನು ‘ನಾನು ಹೇಳಬೇಕಾದ್ದು ಇಷ್ಟೇ’ ಎಂದು ಶುರು ಮಾಡುತ್ತಾನೆ, ಅವಳು ಅಡ್ಡ ಬರುತ್ತಾಳೆ. ಹೀಗೆ ಏಳು ಸಲ. ಏಳನೆಯ ಸಲ ಏಣಿ ಜಾರುತ್ತದೆ, ಅವಳು ಅವನ ಕಾಲರು ಹಿಡಿದುಕೊಳ್ಳುತ್ತಾಳೆ, ಹೆಬ್ಬಾತು ಹಾರಿಹೋಗುತ್ತದೆ, ಪಿಕ್ಚರು ಮುಗಿಯುತ್ತದೆ. ಕ್ಷಮೆಯನ್ನು ಮಾತ್ರ ಆ ಪುಣ್ಯಾತ್ಮ ಕೊನೆಗೂ ಕೇಳುವುದಿಲ್ಲ. ಸ್ಟುಡಿಯೋದಲ್ಲಿ ನಾವೆಲ್ಲ ಅದನ್ನು ಏಣಿ ಪಿಕ್ಚರು ಎನ್ನುತ್ತಿದ್ದೆವು.

ಇಂಥ ಪಿಕ್ಚರುಗಳೆಲ್ಲ ಒಂದೇ ಅಚ್ಚಿನವು. ಒಬ್ಬಳು ಚುರುಕು ಹುಡುಗಿ, ಒಬ್ಬ ಪೆದ್ದ ಗಂಡಸು. ಒಂದೂವರೆ ಗಂಟೆ ಕಚ್ಚಾಡುತ್ತಾರೆ, ಕೊನೆಯ ಎರಡು ನಿಮಿಷದಲ್ಲಿ ಕೂಡಿಕೊಳ್ಳುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಇವರ ಜಗಳ ಗಂಡ ಹೆಂಡಿರಾಗುವ ತನಕ.

ಹೆಡ್‌ಫೋನಿನಲ್ಲಿ ನಾಯಕಿಯ ದನಿ ಬರುತ್ತಿತ್ತು. ಹಿಂದಿನ ದಿನ ಒಬ್ಬ ಹುಡುಗಿ ಬಂದು ಒಬ್ಬಳೇ ನಿಂತು ತನ್ನ ಪಾಲಿನದನ್ನು ಮುಗಿಸಿ ಹೋಗಿದ್ದಳು. ಈಗ ಎಲ್ಲ ಕಡೆ ಹಾಗೆಯೇ. ಯಾರ ಮುಖ ಯಾರೂ ನೋಡುವ ಹಾಗಿಲ್ಲ. ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಹೊಂದಿಸುತ್ತಾರೆ. ಹುಡುಗಿಯ ದನಿ ಚೆನ್ನಾಗಿಯೇ ಇತ್ತು, ಅಕ್ಷರ ಸ್ಪಷ್ಟ, ಪರದೆಯ ತುಟಿಗೆ ಮಾತು ಸರಿಯಾಗಿ ಕೂಡುತ್ತಿತ್ತು. ಆದರೆ ಅವಳು ಅಡ್ಡ ಬಂದಾಗ ನನಗೆ ಅಡ್ಡ ಬಂದಂತೆ ಅನಿಸುತ್ತಲೇ ಇರಲಿಲ್ಲ. ರೈಲ್ವೆ ನಿಲ್ದಾಣದ ಪ್ರಕಟಣೆಯ ಜೊತೆ ಜಗಳ ಆಡಿದ ಹಾಗೆ.

ಹನ್ನೊಂದನೆಯ ಟೇಕೂ ಹಾಳಾಯಿತು. ಗಾಜಿನ ಆಚೆ ಕುಳಿತಿದ್ದ ಸೌಂಡ್ ಇಂಜಿನಿಯರ್ ಮೇಜಿನ ಮೇಲಿನ ಗುಂಡಿ ಒತ್ತಿದಳು. ಆ ಗುಂಡಿ ಒತ್ತಿದರೆ ಹೊರಗಿನವರ ಮಾತು ಒಳಗಿನವರ ಕಿವಿಗೆ ಬರುತ್ತದೆ.

“ಸರ್, ಹೊರಗೆ ಬನ್ನಿ ಸ್ವಲ್ಪ.”

ಮೂವತ್ತು ದಾಟಿದ ಹೆಂಗಸು, ಕೂದಲಿಗೆ ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಾಳೆ, ಮಾತು ಕಡ್ಡಿ ಮುರಿದ ಹಾಗೆ. ನಾನು ಹೊರಗೆ ಬಂದು ಕೂತೆ.

“ಇದು ಆಗಲ್ಲ ಸರ್,” ಎಂದಳು. “ಅಡ್ಡಮಾತನ್ನ ನಾನು ಎಲ್ಲಿ ಬೇಕಾದ್ರೂ ಕೂರಿಸಬಹುದು. ನೀವು ಬೆಚ್ಚಿಬೀಳೋದನ್ನ ಎಲ್ಲಿಂದ ತರ್ಲಿ? ಹಳೇ ಡಬ್ಬಿಂಗ್‌ನಲ್ಲಿ ಮೇಡಂ ಬಾಯಿ ತೆಗೆದ್ರೆ ನೀವು ನಿಜವಾಗ್ಲೂ ತಬ್ಬಿಬ್ಬಾಗ್ತಿದ್ರಿ.”

ಮೇಡಂ ಎಂದರೆ ನನ್ನ ಹೆಂಡತಿ. ಇಪ್ಪತ್ತು ವರ್ಷ ಇಂಥ ಪಿಕ್ಚರುಗಳಿಗೆ ನಾವಿಬ್ಬರೇ ದನಿ. ಏಣಿ ಪಿಕ್ಚರಿನ ಹಳೆಯ ಟೇಪು ಬೂಸಲು ಹಿಡಿದು ಹಾಳಾಗಿತ್ತು. ಜನ ಇನ್ನೂ ಇವನ್ನು ಕೇಳುತ್ತಿದ್ದಾರೆಂದು ಯಾರೋ ಹೊಸದಾಗಿ ಡಬ್ ಮಾಡಿಸಲು ಹೊರಟಿದ್ದರು. ನನಗೆ ಆಶ್ಚರ್ಯ. ಇದರಲ್ಲಿ ಇನ್ನೂ ಏನಿದೆಯಂತೆ ಎಂದು ಕೇಳಿಯೂ ಬಿಟ್ಟೆ.

ಅವಳು ಪೆನ್ಸಿಲು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. “ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಅಮ್ಮ ಎರಡು ವರ್ಷ ಮಾತು ಬಿಟ್ಟಿದ್ರು ಸರ್. ‘ಅಪ್ಪಂಗೆ ಹೇಳು, ಅಮ್ಮಂಗೆ ಹೇಳು’ ಅಂತ ನಾನೇ ಅಂಚೆಯವಳು. ಭಾನುವಾರ ಮಧ್ಯಾಹ್ನ ಟೀವೀಲಿ ನಿಮ್ಮ ಪಿಕ್ಚರ್ ಬಂದಾಗ ಮಾತ್ರ ಇಬ್ರೂ ಒಂದೇ ಸೋಫಾದಲ್ಲಿ ಕೂತು ನಗ್ತಿದ್ರು. ಅದರಲ್ಲಿ ಎಷ್ಟು ಜಗಳ ಆದ್ರೂ ಯಾರೂ ಎದ್ದು ಹೋಗಲ್ಲ, ನೋಡಿದ್ದೀರಾ? ಬಾಗಿಲು ದಢಾರಂತ ಹಾಕ್ಕೊಂಡು ಹೋದವರು ಇನ್ನೊಂದು ಬಾಗಿಲಿಂದ ವಾಪಸ್ ಬರ್ತಾರೆ. ಅಡ್ಡ ಬರಬೇಕು ಅಂದ್ರೆ ಇನ್ನೊಬ್ಬರ ಮಾತನ್ನ ಕೊನೇ ಅಕ್ಷರದವರೆಗೂ ಕೇಳಿರಬೇಕಲ್ಲ ಸರ್. ಅಷ್ಟು ಕಿವಿಗೊಟ್ಟು ಜಗಳ ಆಡೋರು ಯಾರಿದ್ದಾರೆ ಈಗ?”

ನಾನು ಹಾಳೆ ಮಡಚಿದೆ. ಮತ್ತೆ ಬಿಡಿಸಿದೆ.

“ಮೇಡಂನ ಕರ್ಕೊಂಡು ಬನ್ನಿ,” ಎಂದಳು.

“ಆಗಲ್ಲಮ್ಮ. ಅವಳ ಗಂಟಲು ಹೋಗಿದೆ. ಆಪರೇಷನ್ ಆಯ್ತು. ಪಿಸುಗುಟ್ಟೋದೂ ಕಷ್ಟ.”

ಇದು ಅಪ್ಪಟ ಸುಳ್ಳು. ನನ್ನ ಹೆಂಡತಿ ಆ ಹೊತ್ತಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕುಳಿತು ಟೋಕನ್ ನಂಬರು ಕೂಗುತ್ತಿದ್ದಳು. ಹಿಂದಿನ ವರ್ಷ ನನ್ನ ದವಡೆ ಹಲ್ಲು ತೋರಿಸಲು ಅಲ್ಲಿಗೆ ಹೋಗಿದ್ದೆ. “ಹದಿನಾಲ್ಕು! ಧೈರ್ಯವಾಗಿ ಬನ್ನಿ, ಡಾಕ್ಟರು ಕಚ್ಚಲ್ಲ, ಕಚ್ಚೋದು ನೀವೇ,” ಎಂದು ಅವಳು ಕೂಗಿದರೆ ಕೆನ್ನೆ ಊದಿಸಿಕೊಂಡು ಕುಳಿತವರೂ ನಗುತ್ತಿದ್ದರು. ಅದೇ ದನಿ, ಅದೇ ಕಾಲಪ್ರಜ್ಞೆ, ಒಂದು ಎಳೆಯೂ ಹಿಂದುಮುಂದಾಗಿರಲಿಲ್ಲ. ನಾನು ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದು ಕೂತೆ. ಹಲ್ಲು ನೋವಿಗಲ್ಲ, ನಾಚಿಕೆಗೆ.

ಯಾಕೆಂದು ಹೇಳಿಬಿಡುತ್ತೇನೆ. ಹೇಳದೆ ಮುಂದೆ ಹೋಗುವಂತಿಲ್ಲ.

ಇಂಥ ಪಿಕ್ಚರುಗಳಲ್ಲಿ ನಗೆಯೆಲ್ಲ ನಾಯಕಿಯ ಪಾಲು. ನಾಯಕ ಜಾರಿಬೀಳಲು, ತೊದಲಲು, ಟೋಪಿ ಹಾಕಿಸಿಕೊಳ್ಳಲು ಇರುವವನು. ಮೊದಮೊದಲು ಅದು ನನಗೆ ಹಿತವಾಗಿಯೇ ಇತ್ತು. ಒಂದೇ ಮೈಕಿನ ಆಚೆ ಈಚೆ ನಿಂತು, ನನ್ನ ಮಾತಿನ ಕೊನೆಯ ಎರಡು ಅಕ್ಷರದ ಮೇಲೆ ಅವಳು ಕಾಲಿಟ್ಟು ಬರುವುದನ್ನು ನಾನು ಕಾಯುತ್ತಿದ್ದೆ. ಆಮೇಲೆ ಜನ ನಮ್ಮ ದನಿ ಗುರುತಿಸತೊಡಗಿದರು. ನಮ್ಮ ದನಿ ಎಂದೆನೇ? ಅವಳದನ್ನು. ಮದುವೆ ಮನೆಗೆ ಹೋದರೆ ಅವಳ ಸುತ್ತ ಹತ್ತು ಜನ, ನನ್ನ ಕೈಯಲ್ಲಿ ಅವಳ ಕೈಚೀಲ. ಒಂದು ದಿನ ಟೀವಿ ಚಾನೆಲ್ಲಿನವನೊಬ್ಬ ಹೆಂಡತಿ ಮಕ್ಕಳೊಂದಿಗೆ ಸ್ಟುಡಿಯೋಕ್ಕೆ ಬಂದ. ಅವಳ ಪ್ರತಿ ಮಾತಿಗೂ ಇಡೀ ಸಂಸಾರ ನಕ್ಕಿತು. ಹೋಗುವಾಗ ಅವನ ಹೆಂಡತಿ ನನ್ನನ್ನು ಕೇಳಿದಳು, “ನೀವು ಯಾರದು ಮಾಡ್ತೀರಿ?” ನಾನು ಅವಳೆದುರೇ ಎರಡು ಗಂಟೆ ಅರಚಿದ್ದೆ.

ಅವರು ಹೋದ ಮೇಲೆ ಹಳೆಯ ಇಂಜಿನಿಯರ್ ನನ್ನನ್ನು ಹೊರಗೆ ಕರೆದ. ಹೆಂಡತಿ ಒಳಕೋಣೆಯಲ್ಲೇ ಮುಂದಿನ ಹಾಳೆ ನೋಡುತ್ತ ನಿಂತಿದ್ದಳು. ಅವನು ಮೆತ್ತಗೆ, ಹೇಗೆ ಹೇಳುವುದೋ ಎನ್ನುವಂತೆ ಹೇಳಿದ, “ಇಬ್ಬರಲ್ಲಿ ಒಬ್ಬರ ದನಿ ಯಾಕೋ ಸ್ವಲ್ಪ ವಯಸ್ಸಾದ ಹಾಗೆ ಕೇಳ್ಸುತ್ತೆ. ನಿಮಗೂ ಅನ್ಸಿರಬೇಕಲ್ಲ?”

ಅವನು ಹೇಳಿದ್ದು ನನ್ನ ದನಿಯನ್ನು. ಅದು ನನಗೆ ಗೊತ್ತಿತ್ತು. ಬೆಳಿಗ್ಗೆದ್ದರೆ ಗಂಟಲಲ್ಲಿ ಮರಳು ಸುರಿದಂತಾಗಲು ಶುರುವಾಗಿ ವರ್ಷವಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣ, ನನ್ನ ಹೆಗಲು ಬಿಟ್ಟು ಪಕ್ಕದವಳ ಹೆಗಲು ಮುಟ್ಟಿದೆ. ಗುಟ್ಟು ಹೇಳುವವನಂತೆ ಮೇಜಿಗೆ ಮೊಣಕೈ ಊರಿ ಬಗ್ಗಿ, “ಹೌದು ಸಾರ್, ಅವಳದು ಒಡೆದ ಮಡಕೆ ಆಗಿದೆ,” ಎಂದೆ. “ನಾನು ಗಂಡ, ನನ್ನ ಬಾಯಲ್ಲಿ ಹೇಳ್ಬಾರ್ದು. ನೀವು ಬೇರೆಯವರನ್ನ ನೋಡೋದು ಒಳ್ಳೇದು.”

ಇಂಜಿನಿಯರ್ ಕಣ್ಣು ಮಿಟುಕಿಸಿದ. ಗಂಡನೇ ಹೇಳಿದ ಮೇಲೆ ಅವನೇನು ಹೇಳಿಯಾನು? ಅಷ್ಟರಲ್ಲಿ ಅವಳು ಹೊರಗೆ ಬಂದಳು. “ಯಾಕೋ ತಲೆನೋವು, ನಾನು ಹೊರಡ್ತೀನಿ,” ಎಂದು ಹೊರಟೇಹೋದಳು. ಒಂದು ವಾರ ಬಿಟ್ಟು ಬಟ್ಟೆ ಮಡಚುತ್ತ ಕುಳಿತಿದ್ದ ಅವಳಿಗೆ ನಾನೇ ಸುದ್ದಿ ಮುಟ್ಟಿಸಿದೆ. ಸ್ಟುಡಿಯೋದವರಿಗೆ ಹೊಸ ದನಿ ಬೇಕಂತೆ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದೆ. ಅವಳು “ಹೌದಾ” ಎಂದಳು. ಅಂಗಿಯ ತೋಳು ಮಡಚಿದಳು. ಎಷ್ಟು ಸುಲಭವಾಗಿ ನಂಬಿದಳಲ್ಲ ಎಂದು ನನಗೆ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಅದಾಗಿ ಆರು ವರ್ಷ. ಬೇರೆ ಹೆಣ್ಣುದನಿಗಳೊಂದಿಗೆ ಮೂರು ಪಿಕ್ಚರು ಮಾಡಿದೆ, ಯಾರೂ ನಗಲಿಲ್ಲ. ಚಾನೆಲ್ಲಿನವರು ಇಂಥವನ್ನು ಕೊಳ್ಳುವುದನ್ನೇ ಬಿಟ್ಟರು. ಜನರ ರುಚಿ ಬದಲಾಯಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಮನೆಯಲ್ಲಿ ಈ ಆರು ವರ್ಷ ಒಂದು ದಿನವೂ ಜಗಳವಾಗಿಲ್ಲ. ಅವಳು ಏನಕ್ಕೂ ಎದುರಾಡುವುದಿಲ್ಲ. ನಾನು ಮಾತು ಮುಗಿಸುವವರೆಗೆ ಸುಮ್ಮನಿದ್ದು, ಮುಗಿದ ಮೇಲೆ “ಸರಿ” ಎನ್ನುತ್ತಾಳೆ. ನೆಂಟರು ಹೊಗಳುತ್ತಾರೆ, ಇದ್ದರೆ ನಿಮ್ಮಿಬ್ಬರ ಹಾಗಿರಬೇಕು ಎಂದು.

“ಆಪರೇಷನ್ನಾ?” ನನ್ನ ಸುಳ್ಳು ಕೇಳಿ ಪೆನ್ಸಿಲಿನ ಇಂಜಿನಿಯರಿನ ಮುಖ ಸಣ್ಣಗಾಯಿತು. “ಅಯ್ಯೋ ಪಾಪ. ಇವತ್ತೇ ಹೋಗಿ ನೋಡ್ಕೊಂಡು ಬರ್ತೀನಿ ಸರ್. ನಾಲ್ಕು ಗಂಟೆಗೆ ಮನೇಲಿರ್ತಾರಾ?”

“ಬೇಡ, ಅವಳು ಯಾರನ್ನೂ ಭೇಟಿ ಮಾಡಲ್ಲ...”

“ನನ್ನನ್ನ ಮಾಡ್ತಾರೆ ಬಿಡಿ,” ಎಂದು ಅವಳು ಸ್ಕೂಟರಿನ ಕೀಲಿ ಜೇಬಿಗೆ ಹಾಕಿಕೊಂಡಳು.

ಮುಂದಿನದು ಯಾರಾದರೂ ಕಪ್ಪು ಬಿಳುಪಿನಲ್ಲಿ ತೆಗೆದಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಹೆಂಡತಿಯ ಕ್ಲಿನಿಕ್ಕಿನ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಮೂರು ಗಂಟೆಗೆ ಬಸ್ ನಿಲ್ದಾಣದಿಂದ ಮನೆಗೆ ಫೋನ್ ಮಾಡಿದೆ.

“ನಿಮ್ಮಕ್ಕನ ಮನೆಗೆ ಹೋಗಿ ಬಾರೇ. ಬಹಳ ದಿನ ಆಯ್ತು.”

“ಅಕ್ಕ ಮಗಳ ಮನೆಗೆ ಹೋಗಿದ್ದಾಳೆ.”

“ಹಾಗಾದ್ರೆ ಮಾರ್ಕೆಟ್‌ಗೆ ಹೋಗು.”

“ಇವತ್ತು ರಜ.”

“ಸುಮ್ನೆ ಒಂದು ವಾಕಿಂಗ್ ಮಾಡ್ಬಾರ್ದಾ? ಆರೋಗ್ಯಕ್ಕೆ ಒಳ್ಳೇದು.”

“ಯಾರು ಬರ್ತಿದ್ದಾರೆ?” ಎಂದಳು. ಬಸ್ಸು ಬಂತು, ಲೈನು ಕಟ್ಟಾಯಿತು. ಕಟ್ಟಾಯಿತು ಎಂದರೆ ನಾನೇ ಕತ್ತರಿಸಿದೆ.

ಆ ಬಸ್ಸು ಪ್ರತಿ ಕಂಬಕ್ಕೂ ನಿಂತಿತು. ಇಳಿದು, ಐವತ್ತೆಂಟು ವರ್ಷದ ಮೊಣಕಾಲು ಹೊತ್ತುಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿದೆ. ಎರಡನೆಯ ಮಹಡಿಯ ತಿರುವಿನಲ್ಲೇ ಮೇಲಿಂದ ಇಂಜಿನಿಯರಿನ ದನಿ ಕೇಳಿತು.

“ಮೇಡಂ, ನಿಮ್ಮ ಗಂಟಲು ಈಗ ಹೇಗಿದೆ? ಆಪರೇಷನ್ ಆದ್ಮೇಲೆ ಮಾತೇ ಕಷ್ಟ ಅಂತ ಸರ್ ಹೇಳಿದ್ರು.”

ನಾನು ಕೊನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ನಿಂತೆ. ಬಾಗಿಲಲ್ಲಿದ್ದ ನನ್ನ ಹೆಂಡತಿ ಇಂಜಿನಿಯರಿನ ಭುಜದ ಮೇಲಿಂದ ನನ್ನನ್ನು ನೋಡಿದಳು. ಒಂದೇ ಕ್ಷಣ. ಆಮೇಲೆ ಮೆಲ್ಲಗೆ ಕೈಯನ್ನು ಗಂಟಲಿಗೆ ಒಯ್ದು, ಹಳೆಯ ಬಾಗಿಲು ಕಿರುಗುಟ್ಟಿದಂಥ ದನಿಯಲ್ಲಿ, “ಪರವಾಗಿಲ್ಲಮ್ಮ... ಬಾ ಒಳಗೆ,” ಎಂದಳು.

ನೆಲ ಬಿರಿದು ನನ್ನನ್ನು ನುಂಗಬಾರದಿತ್ತೇ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಸುಳ್ಳನ್ನು ಅವಳು ಕೈಯಾರೆ ಎತ್ತಿ ತನ್ನ ಗಂಟಲಿಗೆ ಕಟ್ಟಿಕೊಂಡಳು. ಸೋಫಾದ ಅಂಚಿನಲ್ಲಿ ಇಂಗು ತಿಂದ ಮಂಗನಂತೆ ಕುಳಿತೆ. ಅವಳು ಚಹಾ ತಂದಳು, ಬಿಸ್ಕತ್ತು ತಂದಳು. ಇಂಜಿನಿಯರ್ ಒಂದು ಕೇಳಿದರೆ ಒಂದೇ ಪದದಲ್ಲಿ, ಆ ಕಿರುಗುಟ್ಟುವ ದನಿಯಲ್ಲಿ ಉತ್ತರ ಕೊಟ್ಟಳು. ಮಧ್ಯೆ ಎರಡು ಸಲ ಕೆಮ್ಮಿದಳು. ಕೆಮ್ಮೂ ಬಹಳ ಚೆನ್ನಾಗಿತ್ತು. ಒಳ್ಳೆಯ ಕಲಾವಿದೆ ಯಾವ ಪಾತ್ರ ಕೊಟ್ಟರೂ ಮಾಡುತ್ತಾಳೆ.

“ಒಂದು ಕೇಳಿಸ್ತೀನಿ ಮೇಡಂ,” ಎಂದು ಇಂಜಿನಿಯರ್ ಫೋನು ತೆಗೆದಳು. “ಏಣಿ ಪಿಕ್ಚರಿನ ಹಳೇ ಟೇಪ್. ಉಳಿದಿರೋದು ಇಷ್ಟೇ.”

ಮೊದಲು ಬರೀ ಸುಯ್ಯೆನ್ನುವ ಸದ್ದು. ಆಮೇಲೆ ನಾನು, ಮೂವತ್ತೈದರ ನಾನು. “ನಾನು ಹೇಳಬೇಕಾದ್ದು ಇಷ್ಟೇ, ಆ ಹೆಬ್ಬಾತು—” ಅವಳು ಅಡ್ಡ ಬಂದಳು, “ಹೆಬ್ಬಾತಿನ ವಿಷಯ ಆಮೇಲೆ, ಮೊದಲು ನನ್ನ ಟೋಪಿ ಎಲ್ಲಿ?” ಇಂಜಿನಿಯರ್ ಎಷ್ಟು ಸಲ ಕೇಳಿದ್ದಳೋ ಏನೋ, ಆದರೂ ನಕ್ಕಳು. ಎರಡನೆಯದು ಬಂತು, ಮೂರನೆಯದು ಬಂತು. ನಾಲ್ಕನೆಯದಕ್ಕೆ ನನ್ನ ದನಿ, “ದಯವಿಟ್ಟು ಕೇಳು, ನಾನು ಮೂರ್ಖ, ಅದನ್ನ ಒಪ್ಕೋ—”

ಅಲ್ಲಿ ಟೇಪಿಗೆ ಬೂಸಲು ಹಿಡಿದಿತ್ತು. ಅವಳ ದನಿ ಇರಬೇಕಾದಲ್ಲಿ ಬರೀ ಸುಯ್ ಎನ್ನುವ ಸದ್ದು.

“ಅದನ್ನ ಒಪ್ಪಿಕೊಳ್ಳೋಕೆ ಏಣಿ ಯಾಕೆ ಬೇಕಿತ್ತು, ಬೀದೀಲಿ ನಿಂತು ಹೇಳಿದ್ರೂ ಎಲ್ಲರೂ ನಂಬ್ತಿದ್ರು!”

ಮಾತು ಬಂದದ್ದು ಫೋನಿನಿಂದಲ್ಲ. ಚಹಾದ ಲೋಟ ಹಿಡಿದುಕೊಂಡು ಕುಳಿತ ನನ್ನ ಹೆಂಡತಿಯ ಬಾಯಿಂದ. ನನ್ನ ಕೊನೆಯ ಅಕ್ಷರದ ಮೇಲೆ ಕಾಲಿಟ್ಟು, ತುಂಬು ದನಿಯಲ್ಲಿ, ಎಳ್ಳಷ್ಟೂ ತಡವಿಲ್ಲದೆ. ಹೇಳಿದ ಮೇಲೆ ತಾನೇ ಬೆಚ್ಚಿದಳು. ಆ ಜಾಗ ಖಾಲಿ ಬಿದ್ದದ್ದನ್ನು ಅವಳಿಂದ ನೋಡಲಾಗಲಿಲ್ಲ, ಅಷ್ಟೇ.

ಇಂಜಿನಿಯರ್ ಅವಳನ್ನು ನೋಡಿದಳು, ಆಮೇಲೆ ನನ್ನನ್ನು.

“ಮೇಡಂ... ಗಂಟಲು?”

“ಬಂತಲ್ಲ ನೋಡು,” ಎಂದಳು ನನ್ನ ಹೆಂಡತಿ. “ಚಹಾ ಬಿಸಿ ಇತ್ತು.”

ಇಂಜಿನಿಯರ್ ದಡ್ಡಿಯಲ್ಲ. ಲೋಟ ಕೆಳಗಿಟ್ಟು ಎದ್ದಳು. “ಗುರುವಾರ ಹತ್ತು ಗಂಟೆಗೆ ಇಬ್ರೂ ಬನ್ನಿ. ಒಂದೇ ಮೈಕ್ ಇಡ್ತೀನಿ,” ಎಂದವಳು ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿದಳು.

ಅವಳು ಹೋದ ಮೇಲೆ ನಾನು ಲೋಟಗಳನ್ನು ಎತ್ತಿ ಅಡುಗೆಮನೆಗೆ ಒಯ್ದೆ. ಎಂದೂ ಒಯ್ಯದವನು. ಹೆಂಡತಿ ನಲ್ಲಿ ಬಿಟ್ಟು ತೊಳೆಯತೊಡಗಿದಳು.

“ಯಾಕೆ ಹಾಗೆ ಮಾಡ್ದೆ?” ಎಂದೆ.

“ಏನು?”

“ಗಂಟಲು ಕೆಟ್ಟವಳ ಹಾಗೆ.”

“ನೀವು ಹೇಳಿದ್ರಂತಲ್ಲ. ನೀವು ಹೇಳಿದ ಮೇಲೆ ಕೆಟ್ಟಿರಬೇಕು.” ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟವನ್ನು ಬೋರಲು ಹಾಕಿದಳು.

ಆಗಲೇ ಹೇಳಿಬಿಡಬಹುದಿತ್ತು. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹೇಳಿದ್ದು, “ಆ ಹುಡುಗಿಗೆ ಏನೋ ತಪ್ಪು ತಿಳುವಳಿಕೆ ಆಗಿದೆ.” ಜೀವನವಿಡೀ ಬೇರೆಯವರ ಮಾತು ಆಡಿ ಬದುಕಿದವನು, ಸ್ವಂತ ಮಾತಿಗೆ ಬಾಯಿ ಬಿಟ್ಟರೆ ಬಣ್ಣಗೇಡು. ಅವಳು ನಾನು ಮುಗಿಸುವವರೆಗೆ ಕಾದು, “ಇರಬಹುದು,” ಎಂದಳು.

ಗುರುವಾರದವರೆಗೆ ನನಗಿದ್ದದ್ದು ಒಂದೇ ಭಯ. ಸ್ಟುಡಿಯೋದಲ್ಲಿ ಯಾರಾದರೂ ಹಳಬರು ಸಿಕ್ಕಿ, ‘ನಿಮ್ಮ ಯಜಮಾನರೇ ಬೇಡ ಅಂದಿದ್ದರಲ್ಲ’ ಎಂದು ಅವಳಿಗೆ ಹೇಳಿಬಿಟ್ಟರೆ? ಹಳೆಯ ಇಂಜಿನಿಯರ್ ಊರು ಬಿಟ್ಟು ಹೋಗಿದ್ದಾನೆಂದು ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಇಂಥ ಕೆಲಸಕ್ಕೆ ನನ್ನ ದನಿ ಎಷ್ಟು ಸಲೀಸಾಗಿ ಹೊರಡುತ್ತದೆ ನೋಡಿ.

ಅವಳು ಕ್ಲಿನಿಕ್ಕಿಗೆ ರಜ ಹಾಕಿದಳು. ಇಸ್ತ್ರಿ ಮಾಡಿದ ನೀಲಿ ಹತ್ತಿ ಸೀರೆ ಉಟ್ಟು, ಹಳೆಯ ಡಬ್ಬಿಯಿಂದ ಕೆಂಪು ಪೆನ್ಸಿಲು ಹುಡುಕಿ ತಂದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹಾಳೆಯ ಮೇಲೆ ಗುರುತು ಹಾಕಲು ಅವಳಿಗೆ ಅದೇ ಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗುರುತು ಹಾಕಿದಳು. ತುಟಿ ಅಲುಗುತ್ತಿತ್ತು. ಕೆನ್ನೆಗೆ ಬಣ್ಣ ಬಂದಿತ್ತು. ನಾನು ಆರು ವರ್ಷ ಅವಳಿಂದ ಏನು ಕಿತ್ತುಕೊಂಡಿದ್ದೆನೋ ಅದು ನನ್ನ ಪಕ್ಕದ ಸೀಟಿನಲ್ಲೇ ಕುಳಿತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

ಇಂಜಿನಿಯರ್ ಹೇಳಿದಂತೆ ಒಂದೇ ಮೈಕು ಇಟ್ಟಿದ್ದಳು. ಹೆಂಡತಿ ಒಳಗೆ ಹೋಗಿ ಸ್ಟ್ಯಾಂಡಿನ ಎತ್ತರ ಸರಿಮಾಡಿಕೊಂಡು, ಹೆಡ್‌ಫೋನು ಹಾಕಿಕೊಂಡಳು. ನಾನು ಹೊರಗಿನ ಮೇಜಿನ ಹತ್ತಿರ ನಿಂತು, ಇಂಜಿನಿಯರಿನ ಕಡೆ ಬಗ್ಗಿ, ಮೊಣಕೈ ಊರಿ ಮೆಲ್ಲಗೆ ಹೇಳಿದೆ, “ನೋಡಮ್ಮ, ಆಪರೇಷನ್ ವಿಷಯ ಮತ್ತೆ ಎತ್ತಬೇಡ...”

ಗಾಜಿನ ಆಚೆ ಅವಳು ತಲೆಯೆತ್ತಿದಳು. ಹೆಡ್‌ಫೋನು ಒಂದು ಕಿವಿಯಿಂದ ಸರಿಸಿ, ಬಾಗಿಲು ತೆರೆದು ನಿಂತಳು.

“ರೀ. ಮೊಣಕೈ ತೆಗೀರಿ. ಗುಂಡಿ ಮೇಲಿದೆ.”

ನಾನು ಕೆಳಗೆ ನೋಡಿದೆ. ಹೌದು.

“ಹೊರಗೆ ಆಡಿದ್ದೆಲ್ಲ ಒಳಗೆ ಕೇಳ್ಸುತ್ತೆ,” ಎಂದಳು. “ಮೊದಲಿಂದ್ಲೂ ಕೇಳ್ಸುತ್ತೆ.”

ಬಾಗಿಲು ಮುಚ್ಚಿಕೊಂಡು ಒಳಗೆ ಹೋದಳು.

ಮೂವತ್ತು ವರ್ಷ ಈ ಕೋಣೆಗಳಲ್ಲಿ ಕಳೆದವನು ನಾನು. ಹೊಸಬರು ಬಂದರೆ ಮೊದಲು ಹೇಳಿಕೊಡುವ ಪಾಠವೇ ಅದು, ಗುಂಡಿಯ ಹತ್ತಿರ ಕೈಯಿಟ್ಟು ಯಾರ ಬಗ್ಗೆಯೂ ಮಾತಾಡಬೇಡಿ ಎಂದು. ಆ ದಿನವೂ ಇದೇ ಮೇಜು, ಇದೇ ಮೊಣಕೈ. ಅವಳು ಒಳಗೆ ಹೆಡ್‌ಫೋನು ಹಾಕಿಕೊಂಡು ಹಾಳೆ ನೋಡುತ್ತಿದ್ದಳು. ಒಡೆದ ಮಡಕೆ ಎಂದದ್ದು ಅವಳ ಎರಡು ಕಿವಿಯ ನಡುವೆಯೇ ಬಿದ್ದಿತ್ತು. ತಲೆನೋವು ಎಂದಳು. ಹೌದಾ ಎಂದಳು. ಆರು ವರ್ಷ ಸರಿ ಎಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಮನೆಯಾಕೆ ಎದುರಿಗೇ ನಿಂತು ನೋಡುತ್ತಿದ್ದಳು. ಅಲ್ಲಿಂದ ಓಡಿಹೋಗಬೇಕೆನಿಸಿತು. ನಿಜವಾಗಿಯೂ ಬಾಗಿಲ ಕಡೆ ಒಂದು ಸಲ ನೋಡಿದೆ.

“ಸರ್, ಶುರು ಮಾಡೋಣ,” ಎಂದಳು ಇಂಜಿನಿಯರ್.

ಒಳಗೆ ಹೋಗಿ ಅವಳೆದುರು ನಿಂತೆ. ಇಬ್ಬರ ನಡುವೆ ಒಂದು ಮೈಕು. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಕೆಸರು ಮೆತ್ತಿದ ಸರ್ವೇಯರು ಏಣಿ ಹತ್ತಿದ.

ಮೊದಲನೆಯ ಅಡ್ಡಮಾತಿಗೇ ನಾನು ಹಿಂದಕ್ಕೆ ಜಿಗಿದೆ. ನಟನೆಯಲ್ಲ. ಎರಡನೆಯದಕ್ಕೆ ತೊದಲಿದೆ, ಸರಿಯಾಗಿ ತೊದಲಬೇಕಾದಲ್ಲೇ. ಗಾಜಿನ ಆಚೆ ಇಂಜಿನಿಯರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಮೂರು, ನಾಲ್ಕು, ಐದು, ಆರು. ನನ್ನ ಹೆಂಡತಿ ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಆರು ವರ್ಷದ ಮೇಲೆ ನೇರ ನನ್ನ ಮುಖ ನೋಡಿ ನನ್ನ ಮಾತು ಕತ್ತರಿಸುತ್ತಿದ್ದಳು. ಅವಳ ಕಣ್ಣನ್ನು ನಾನು ನೋಡಲಾರದೆ ಅವಳ ಕೈಯ ಕೆಂಪು ಪೆನ್ಸಿಲು ನೋಡಿಕೊಂಡು ಮಾತಾಡಿದೆ.

ಏಳನೆಯದು. “ನಾನು ಹೇಳಬೇಕಾದ್ದು ಇಷ್ಟೇ, ನನ್ನಿಂದ ತಪ್ಪಾ—”

ಅವಳು ಅಡ್ಡ ಬರಲಿಲ್ಲ.

ಪರದೆಯ ಮೇಲೆ ನಾಯಕಿಯ ತುಟಿಗಳು ಸದ್ದಿಲ್ಲದೆ ಆಡಿದವು. ಏಣಿ ಸದ್ದಿಲ್ಲದೆ ಜಾರಿತು. ಹೆಬ್ಬಾತು ಹಾರಿಹೋಯಿತು.

“ಮೇಡಂ, ಕೊನೇದು ಬಿಟ್ಟುಹೋಯ್ತು,” ಎಂದು ಇಂಜಿನಿಯರಿನ ದನಿ ಕಿವಿಯಲ್ಲಿ ಬಂತು.

“ಬಿಟ್ಟುಹೋಗಿಲ್ಲಮ್ಮ. ಕಾಯ್ತಿದ್ದೀನಿ. ಅವರು ಮುಗಿಸ್ಲಿ.”

ನಾನು ಹಾಳೆ ನೋಡಿದೆ. ‘ತಪ್ಪಾ’ ಎಂಬಲ್ಲಿಗೆ ನನ್ನ ಮಾತು ನಿಂತಿತ್ತು. ಮುಂದೆ ಏನೂ ಬರೆದಿರಲಿಲ್ಲ. ಎಂಬತ್ತು ತೊಂಬತ್ತು ವರ್ಷದಿಂದ ಯಾರೂ ಬರೆದಿರಲಿಲ್ಲ, ಬೇಕಾಗಿಯೇ ಇರಲಿಲ್ಲ.

“ಮೈಕ್ ಆಫ್ ಮಾಡ್ಲಾ?” ಎಂದಳು ಇಂಜಿನಿಯರ್, ಮೆತ್ತಗೆ.

“ಇರ್ಲಿ,” ಎಂದಳು ನನ್ನ ಹೆಂಡತಿ. “ಆವತ್ತೂ ಆನ್ ಇತ್ತು.”

ನನ್ನ ದನಿ ಹೊರಡಲಿಲ್ಲ. ನೀರು ಕುಡಿದೆ. ಮತ್ತೆ ಹೊರಡಲಿಲ್ಲ. ಆಮೇಲೆ ಹೊರಟದ್ದು ಮರಳು ಸುರಿದಂಥ ಒಂದು ದನಿ, ಯಾವ ಸ್ಟುಡಿಯೋದವರೂ ಇಟ್ಟುಕೊಳ್ಳುವಂಥದ್ದಲ್ಲ.

“ನನ್ನಿಂದ ತಪ್ಪಾಯ್ತು. ನಿನ್ನ ದನಿ ಹೋಗಿರ್ಲಿಲ್ಲ. ಹೋಗಿದ್ದು ನಂದು. ಆವತ್ತು ಅವನು ಹೇಳಿದ್ದು ನನ್ನ ಬಗ್ಗೆ, ನಾನು ನಿನ್ನ ಮೇಲೆ ಹಾಕ್ದೆ. ಜನ ನಿನಗೇ ನಗ್ತಿದ್ರು. ನನಗೆ ಹೊಟ್ಟೆಕಿಚ್ಚು. ಸ್ಟುಡಿಯೋದವರು ಬೇಡ ಅಂದ್ರು ಅಂತ ನಿನಗೆ ಹೇಳಿದ್ದೂ ಸುಳ್ಳು. ಆಪರೇಷನ್ನೂ ಸುಳ್ಳು. ಹೆಂಡತಿ ಹೊಟ್ಟೆ ಮೇಲೆ ಹೊಡೆದ ಗಂಡ ನಾನು.”

ಅವಳು ಕಾದಳು. ಇನ್ನೇನಾದರೂ ಇದೆಯೇ ಎಂದು ನೋಡುವವಳಂತೆ.

“ಮುಗೀತಾ?”

“ಮುಗೀತು.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಸರಿಹೋಯ್ತು ಅಂದ್ಕೋಬೇಡಿ,” ಎಂದಳು. “ಸರಿಹೋಗಿಲ್ಲ. ಈಗ ಕೆಲಸ ಮಾಡೋಣ. ಏಳನೇದು ಮತ್ತೆ ಹಾಕಮ್ಮ.”

ಕೆಂಪು ದೀಪ ಮತ್ತೆ ಹತ್ತಿತು. “ನಾನು ಹೇಳಬೇಕಾದ್ದು ಇಷ್ಟೇ, ನನ್ನಿಂದ ತಪ್ಪಾ—” ಎಂದೆ. “ಗೊತ್ತು! ಏಣಿ ಜಾರ್ತಿದೆ, ಕೈ ಕೊಡು!” ಎಂದು ಅವಳು ಅಡ್ಡ ಬಂದಳು. ಒಂದೇ ಟೇಕಿಗೆ ಆಯಿತು.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಏಳೆಂಟು ಜನ ಇದ್ದರು. ಅವಳು ಪೆನ್ಸಿಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ನನ್ನ ಕಡೆ ತಿರುಗಿದಳು.

“ಒಡೆದ ಮಡಕೆ ಅಂದ್ರಲ್ಲ. ಬೇರೆ ಏನೂ ಸಿಗ್ಲಿಲ್ವಾ ನಿಮ್ಮ ಬಾಯಿಗೆ?”

“ನಾನು ಹೇಳಿದ್ದು—”

“ಮಡಕೆಯಂತೆ! ಬೆಳಿಗ್ಗೆ ಎದ್ದು ಬಚ್ಚಲಲ್ಲಿ ಗಂಟಲು ಕೆರೆಯೋದು ಯಾರು? ಪಕ್ಕದ ಮನೆ ಮಗು ಹೆದರಿ ಅಳುತ್ತೆ!”

“ನಿಜ, ಆದರೆ—”

“ಆದರೆ ಗೀದರೆ ನನ್ನ ಹತ್ರ ಬೇಡ. ಆರು ವರ್ಷ, ಒಂದು ದಿನ, ಒಂದೇ ಒಂದು ದಿನ ನಾಲಿ—”

“ನಾಲಿಗೆ ಹೊರಳ್ಲಿಲ್ಲ,” ಎಂದೆ, ಅವಳ ಕೊನೆಯ ಅಕ್ಷರದ ಮೇಲೆ ಕಾಲಿಟ್ಟು.

ಅವಳು ತಬ್ಬಿಬ್ಬಾದಳು. ನಿಂತಿದ್ದವರಲ್ಲಿ ಒಬ್ಬಾಕೆ ನಕ್ಕಳು, ಇನ್ನೊಬ್ಬ ಕಿವಿಯ ಇಯರ್‌ಫೋನು ತೆಗೆದು ನಮ್ಮ ಕಡೆ ತಿರುಗಿದ. ಹೆಂಡತಿ ಮತ್ತೆ ಉಸಿರು ತೆಗೆದುಕೊಂಡು, ಮೊದಲಿಗಿಂತ ದೊಡ್ಡ ದನಿಯಲ್ಲಿ, ಮೊದಲಿನಿಂದ ಶುರು ಮಾಡಿದಳು. ನಾನು ತಲೆ ತಗ್ಗಿಸಿ ನಿಂತೆ. ನಮ್ಮ ಮನೆಗೆ ಹೋಗುವ ಎರಡು ಬಸ್ಸು ಬಂದು ಹೋದವು. ಅವಳು ಹತ್ತಲಿಲ್ಲ.